ನೂರ ಹನ್ನೆರಡನೆಯ ಪುಟ

ಭಾನುವಾರ ಹನ್ನೊಂದು ಗಂಟೆಗೆ ಕೋಗಿಲಿನ ಆ ಮನೆಯ ಮುಂದೆ ಒಂದು ದೊಡ್ಡ ಕಾರು ನಿಂತಿತು. ಆರು ಜನ ಹೆಂಗಸರು ಇಳಿದರು. ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮುನಿಯಮ್ಮ ಅವರನ್ನು ನೋಡಿ ಒಳಕ್ಕೆ ಕೂಗಿದಳು.

"ರಾಧಾ, ಅಳತೆ ಕೊಡಾಕೆ ಬಂದವ್ರೆ ನೋಡು. ಒಂದು ಗಾಡಿ ಜನ ಅವ್ರೆ."

ಬ್ಲೌಸ್ ಹೊಲಿಸುವವರು ಬಿಟ್ಟರೆ ಆ ಮನೆಗೆ ಕಾರಿನಲ್ಲಿ ಯಾರು ತಾನೇ ಬರುತ್ತಾರೆ? ಆದರೆ ಬಂದವರು ಸಹಕಾರನಗರದಲ್ಲಿ ತಿಂಗಳಿಗೊಂದು ಪುಸ್ತಕ ಓದಿ ಚರ್ಚಿಸುವ ಗುಂಪಿನವರು. ಮುಂದಿದ್ದ ಕನ್ನಡಕದ ಹೆಂಗಸು ಮುದುಕಿಯನ್ನೇ ದಿಟ್ಟಿಸಿ, "ಅಜ್ಜಿ, ನೀವೇ ಅಲ್ವಾ?" ಅಂದರು.

"ನಾನೇ ಅಂದ್ರೆ?"

ಆಕೆ ಅವರೆ ಸಿಪ್ಪೆಯ ನಡುವೆಯೇ ಮಂಡಿಯೂರಿ ಮುದುಕಿಯ ಎರಡೂ ಪಾದ ಹಿಡಿದುಕೊಂಡರು. "ನೂರ ಹನ್ನೆರಡನೇ ಪುಟ ಓದಿ ನಂಗೆ ಎರಡು ದಿನ ಊಟ ಸೇರ್ಲಿಲ್ಲ ಅಜ್ಜಿ. ನಾದಿನಿಗೆ ಬಾಗಿಲು ತೆಗೀಲಾರದೆ, ಅದೇ ಬಾಗಿಲ ಹಿಂದೆ ಕೂತು ಬೆಳಗಾಗೋ ತನಕ ಅತ್ತಿದ್ರಲ್ಲ... ಎಂಥ ಕರುಳು ನಿಮ್ದು!"

ಮಿಕ್ಕವರು ಫೋನು ಎತ್ತಿ ಫೋಟೊ ತೆಗೆದರು. ದೊಡ್ಡಮುನಿಯಮ್ಮ ಕಾಲು ಹಿಂದಕ್ಕೆಳೆದುಕೊಂಡು ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ನೋಡಿದಳು. ರಾಧಾಮಣಿಯ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

"ಒಳಗೆ ಬನ್ನಿ, ಕಾಫಿ ಕುಡೀರಿ," ಅಂದಳು ರಾಧಾಮಣಿ.

ರಾಧಾಮಣಿ ಬರೆಯಲು ಶುರುಮಾಡಿ ಹತ್ತೊಂಬತ್ತು ವರ್ಷ. ಕಟಿಂಗು, ಹೊಲಿಗೆ, ಹುಕ್ಕು, ಅಡುಗೆ, ಇವುಗಳ ನಡುವೆ ಸಿಕ್ಕ ಸಮಯದಲ್ಲಿ ಬರೆದದ್ದು ಐದು ಕಾದಂಬರಿ. ಮೊದಲ ನಾಲ್ಕನ್ನು ಯಾರೂ ಬೈಯಲಿಲ್ಲ, ಹೊಗಳಲೂ ಇಲ್ಲ. ಆರ್.ಟಿ. ನಗರದ ಪ್ರಕಾಶಕ ಕದಿರಪ್ಪ ಸಂಭಾವನೆ ಬದಲು ಪುಸ್ತಕದ ಕಟ್ಟುಗಳನ್ನೇ ಕೊಟ್ಟು ಕಳಿಸುತ್ತಿದ್ದ. ಅವು ಇವತ್ತಿಗೂ ಮಂಚದ ಕೆಳಗೆ ಅಕ್ಕಿ ಮೂಟೆಯ ಪಕ್ಕದಲ್ಲೇ ಇವೆ. ಬೀದಿಯಲ್ಲಿ ಅವಳು ಬ್ಲೌಸ್ ರಾಧಾಮಣಿಯೇ ಹೊರತು ಲೇಖಕಿ ರಾಧಾಮಣಿ ಅಲ್ಲ. ಪಕ್ಕದ ಮನೆಯವರಿಗೆ ಒಂದು ಪುಸ್ತಕ ಕೊಟ್ಟಿದ್ದಕ್ಕೆ, ಅದರ ಮೇಲೆ ಪಾತ್ರೆ ಇಟ್ಟುಕೊಂಡು ಗುಂಡಗೆ ಕರಿ ಮಾಡಿದ್ದರು. ಅದನ್ನು ನೋಡಿದ ದಿನ ಅವಳು ಬಚ್ಚಲಲ್ಲಿ ನಿಂತು ಅತ್ತಿದ್ದಳು.

ಐದನೆಯದು ಮಾತ್ರ ಹೇಗೋ ಹಿಡಿದುಕೊಂಡಿತು. ಏಳು ತಿಂಗಳಲ್ಲಿ ಎರಡು ಮುದ್ರಣ ಮುಗಿದವು. ರಾಜ್ಯಮಟ್ಟದ ಪ್ರಶಸ್ತಿಯೊಂದು ಬಂತು. ಐದು ವಾರ ಕಳೆದರೆ ಯಲಹಂಕದಲ್ಲಿ ಸನ್ಮಾನ, ಅದೇ ದಿನ ಮೂರನೆಯ ಮುದ್ರಣದ ಬಿಡುಗಡೆ. ಎಲ್ಲರೂ ಮಾತಾಡುವುದು ಒಂದೇ ಪುಟದ ಬಗ್ಗೆ.

ಅವಳ ಬರವಣಿಗೆಗೆ ಒಂದು ಕ್ರಮವಿತ್ತು. ಬರೆದದ್ದನ್ನೆಲ್ಲ ಮಧ್ಯಾಹ್ನದ ಊಟವಾದ ಮೇಲೆ ಅತ್ತೆಗೆ ಓದಿ ಹೇಳುತ್ತಿದ್ದಳು. ದೊಡ್ಡಮುನಿಯಮ್ಮನಿಗೆ ಅಕ್ಷರ ಬಾರದು, ಆದರೆ ಕಥೆ ಕೇಳುವಾಗ ಹೂಂಗುಡುವುದನ್ನು ಆ ಮುದುಕಿಯಿಂದ ಕಲಿಯಬೇಕು. ಸೊಪ್ಪು ಬಿಡಿಸುತ್ತ, ಅಕ್ಕಿ ಆರಿಸುತ್ತ ವಾಕ್ಯಕ್ಕೊಂದು ಹೂಂ. ಎಲ್ಲಿ ಅದು ನಿಂತಿತೋ ಅಲ್ಲಿ ರಾಧಾಮಣಿ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಿಂದ ಗುರುತು ಮಾಡಿ, ಆ ಭಾಗವನ್ನು ಹೊಡೆದು ಹಾಕುತ್ತಿದ್ದಳು. ಹೂಂ ನಿಂತಿತೆಂದರೆ ಸುಳ್ಳು ನುಸುಳಿದೆ ಎಂದೇ ಲೆಕ್ಕ. ಐದು ಪುಸ್ತಕದಲ್ಲಿ ಅವಳು ಓದಿ ಹೇಳದೆ ಬಿಟ್ಟದ್ದು ಒಂದೇ ಅಧ್ಯಾಯ.

ಕಾರು ಹೋದ ಮೇಲೆ ದೊಡ್ಡಮುನಿಯಮ್ಮ ಮೊಮ್ಮಗಳನ್ನು ಕರೆದಳು. ಭಾಗ್ಯಶ್ರೀಗೆ ಇಪ್ಪತ್ಮೂರು, ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ.

"ಆ ಪುಟ ಯಾವ್ದೋ ಅಂದ್ರಲ್ಲ, ಓದು."

"ಅಜ್ಜಿ, ಅದು..."

"ಓದು ಅಂದೆ."

ಭಾಗ್ಯಶ್ರೀ ಅಮ್ಮನ ಮುಖ ನೋಡಿದಳು. ರಾಧಾಮಣಿ ತಲೆ ಎತ್ತದೆ ಮೆಷಿನ್ನಿನ ಪೆಡಲು ತುಳಿದಳು. ಹುಡುಗಿ ಓದಿದಳು. ದೀಪ ಹಚ್ಚುವ ಹೊತ್ತಿಗೆ, ಗಂಡನ ಮನೆಯಲ್ಲಿ ಏಟು ತಿಂದ ನಾದಿನಿ ಸೊಂಟದಲ್ಲಿ ಮಗು ಇಟ್ಟುಕೊಂಡು ಬಂದು ಬಾಗಿಲು ತಟ್ಟುತ್ತಾಳೆ. ಗಂಡಸರು ದ್ರಾಕ್ಷಿ ಬುಟ್ಟಿ ಹಾಕಿಕೊಂಡು ಪೇಟೆಗೆ ಹೋಗಿದ್ದಾರೆ. ಒಳಗಿರುವ ಅತ್ತಿಗೆ ಅಗುಳಿ ಹಾಕುತ್ತಾಳೆ. ಹಾಕಿದ ಕೈಯನ್ನೇ ಕಚ್ಚಿಕೊಂಡು, ಸದ್ದು ಕೇಳಿಸಬಾರದೆಂದು ಬಾಯಿಗೆ ಸೆರಗು ತುರುಕಿಕೊಂಡು ಬೆಳಗಿನವರೆಗೂ ಅಳುತ್ತಾಳೆ.

ಮೊದಲರ್ಧಕ್ಕೆ ಹೂಂ ಇತ್ತು, ಅಗುಳಿ ಹಾಕಿದ್ದಕ್ಕೂ ಇತ್ತು. ಅಲ್ಲಿಂದಾಚೆಗೆ ಮುದುಕಿ ತುಟಿ ಬಿಚ್ಚಲಿಲ್ಲ.

"ನಾನ್ಯಾವಾಗ್ಲೇ ಅತ್ತಿದ್ದೆ, ರಾಧಾ?"

ಮೆಷಿನ್ನು ನಿಂತಿತು.

"ಆ ರಾತ್ರಿ ಆಗಿದ್ದು ನಿಂಗೆ ನಾನೇ ಏಳಿದ್ದೆ. ಈ ಜಗ್ಲಿ ಮ್ಯಾಲೇ ಕುಂತು ಏಳಿದ್ದೆ. ಹುಟ್ಟಿಸಿದ್ ಮಕ್ಕಳಿಗೂ ಏಳಿರ್ನಿಲ್ಲ. ಆಮ್ಯಾಕೆ ಏನ್ ಮಾಡ್ದೆ ಅಂತ ನೀ ಕೇಳ್ದೆ. ಏನಂದೆ ನಾನು?"

"ಅಮ್ಮ..."

"ಏನಂದೆ?"

"ಎರಡು ಮುದ್ದೆ ಉಂಡು ಮಲಗಿದೆ ಅಂದ್ರಿ."

"ಅಂಗೇ ಯಾಕ್ ಬರೀನಿಲ್ಲ?"

ಹಾಗೇ ಬರೆದಿದ್ದಳು. ಬರೆದು ಮೂರು ದಿನ ಇಟ್ಟುಕೊಂಡಿದ್ದಳು. ಆಮೇಲೆ ಭಯವಾಯಿತು. ದಿನಾ ತನ್ನ ಕೈಯ ಊಟ ಉಣ್ಣುವ, ತನ್ನ ಬಾಣಂತನ ಮಾಡಿದ ಹೆಂಗಸನ್ನು ಊರ ಮುಂದೆ ಹಾಗೆ ನಿಲ್ಲಿಸುವುದು ಹೇಗೆ? ಅದಕ್ಕೇ ಪುಸ್ತಕದಲ್ಲಿ ಅವಳು ಅಳುವಂತೆ ಮಾಡಿದಳು. ಕರುಣೆಯಿಂದಲೇ ಮಾಡಿದ್ದು, ಆದರೆ ಓದಿ ಹೇಳುವ ಧೈರ್ಯ ಬರಲಿಲ್ಲ. ಆ ಕರುಣೆಯನ್ನೇ ಜನ ಮೆಚ್ಚಿಕೊಂಡು ಕಾಲಿಗೆ ಬೀಳುತ್ತಿದ್ದರು.

"ನೀವು ನೊಂದ್ಕೋತೀರಾ ಅಂತ, ಅಮ್ಮ."

"ಬಾಗ್ಲು ತೆಗೀನಿಲ್ಲ ಅಂತ ಊರಿಗೆಲ್ಲ ಬರ್ದೆ. ಅದು ನಿಜ, ಬರ್ಕ. ಆದ್ರೆ ಆ ನಾದ್ನಿ ಚನ್ನಿ ಇನ್ನೂ ಬದ್ಕವ್ಳೆ ಕಣೇ, ಹೆಸರಘಟ್ಟದಾಗೆ. ಅವ್ಳ ಕಿವಿಗೆ ಬಿದ್ರೆ ಏನಂತಾಳೆ? ಕದ ಹಾಕಿದ್ದೂ ಅಲ್ದೆ, ಈಗ ಕಣ್ಣೀರು ಹಾಕ್ದೆ ಅಂತ ಸಾರಿಸ್ಕಂಡು ಕಾಲಿಗೆ ಬೀಳಿಸ್ಕಂತಾವ್ಳೆ ಅನ್ನಲ್ವಾ?"

ಅವತ್ತು ಮಧ್ಯಾಹ್ನ ಅವರೆಕಾಳು ಸಾರು ಮುದ್ದೆ ಬಡಿಸಿದರೆ ದೊಡ್ಡಮುನಿಯಮ್ಮ ತಟ್ಟೆಯನ್ನು ಸೊಸೆಯ ಕಡೆಗೇ ತಳ್ಳಿದಳು. ಸಂಜೆ ಹಿತ್ತಲ ಶೀಟಿನ ಕೆಳಗೆ ಮೂರು ಕಲ್ಲು ಇಟ್ಟು ತಾನೇ ರಾಗಿ ಹಿಟ್ಟು ತೊಳಸಿಕೊಂಡಳು. ಎಪ್ಪತ್ತೆಂಟರ ಕೈ, ಮುದ್ದೆ ಗಂಟುಗಂಟಾಯಿತು. ಅದನ್ನೇ ಉಪ್ಪು ಮೆಣಸಿನಕಾಯಿ ನಂಚಿಕೊಂಡು ನುಂಗಿದಳು.

ಫ್ಯಾಕ್ಟರಿಯಿಂದ ಬಂದ ಸುರೇಶ ಹಿತ್ತಲಲ್ಲಿ ಹೊಗೆ ನೋಡಿ ಗಾಬರಿಯಾದ.

"ಏನಮ್ಮ ಇದು? ಜನ ನೋಡಿದ್ರೆ ಸೊಸೆ ಊಟ ಹಾಕ್ತಿಲ್ಲ ಅನ್ಕೋತಾರೆ."

"ಅನ್ಕಳ್ಳಿ. ಇಲ್ದಿದ್ದೆಲ್ಲ ಅನ್ಕಳ್ತಾವ್ರಲ್ಲ, ಇದ್ನೂ ಅನ್ಕಳ್ಳಿ."

"ನಿನ್ನ ಬಗ್ಗೆ ಒಳ್ಳೇದನ್ನೇ ಬರ್ದವ್ಳಲ್ಲಮ್ಮ?"

"ನಾನು ಮಾಡ್ದಿರೋ ಒಳ್ಳೇದು ನಂಗ್ ಬ್ಯಾಡ."

ಸುರೇಶ ಹೆಂಡತಿಯ ಕಡೆ ತಿರುಗಿದ. "ಒಂದು ಪುಟ ತಾನೆ? ತೆಗೆದು ಹಾಕ್ಬಿಡು. ಮನೇಲಿ ಎರಡು ಒಲೆ ಉರಿಯೋದು ನಂಗಾಗಲ್ಲ."

"ಒಂದು ಪುಟ ತಾನೆ ಅಂತೀರಲ್ಲ! ಆ ನಾಲ್ಕು ಪುಸ್ತಕದಲ್ಲಿ ಒಂದು ಪುಟ ಓದಿದ್ದೀರೇನ್ರೀ ನೀವು?"

ಅವನು ಓದಿರಲಿಲ್ಲ. ಸ್ನಾನಕ್ಕೆ ಹೋದ.

ರಾಧಾಮಣಿಯ ಸಿಟ್ಟು ಮಗಳ ಮೇಲೆ ಇಳಿಯಿತು. "ನೀನ್ಯಾಕೆ ಅಜ್ಜಿ ವಿಡಿಯೊ ತೆಗೆದು ರೀಲ್ ಹಾಕ್ದೆ? 'ಪುಸ್ತಕದ ನಿಜವಾದ ಅಜ್ಜಿ ಇವರೇ' ಅಂತ ಹಾಕು ಅಂದೋರ್ಯಾರು?"

"ಹಾಕಿದ ದಿನ ನೀನೇ ಲೈಕ್ ಎಷ್ಟು ಬಂತು ಅಂತ ನಾಲ್ಕು ಸಲ ಕೇಳಿದ್ಯಲ್ಲಮ್ಮ!" ಅಂದಳು ಭಾಗ್ಯಶ್ರೀ. "ಕಥೆ ಅಂದ್ಮೇಲೆ ಕಲ್ಪನೆ ಇರುತ್ತೆ, ಅಜ್ಜಿಗೆ ಹಂಗಂತ ಹೇಳು."

"ಕಲ್ಪನೆ ಆಗಿತ್ತು ಕಣೆ, ನೀನು ನಿಜವಾದ ಅಜ್ಜಿ ಅನ್ನೋವರ್ಗೂ."

ತಾನು ನಾಲ್ಕು ಸಲ ಕೇಳಿದ್ದು ನಿಜವೇ ಎಂದು ರಾಧಾಮಣಿಗೆ ಆಮೇಲೆ ಅನ್ನಿಸಿತು. ಐದನೆಯ ಸಲವೂ ಕೇಳಬೇಕೆನ್ನಿಸಿ ಸುಮ್ಮನಾಗಿದ್ದಳು.

ಮರುದಿನವೇ ಕದಿರಪ್ಪನಿಗೆ ಫೋನು ಮಾಡಿದಳು.

"ಮೂರನೇ ಮುದ್ರಣಕ್ಕೆ ನೂರ ಹನ್ನೆರಡನೇ ಪುಟ ಬದಲಾಯಿಸ್ಬೇಕು ಸರ್. ಅವಳು ಅಳೋದಿಲ್ಲ. ಊಟ ಮಾಡಿ ಮಲಗ್ತಾಳೆ."

"ಮೇಡಂ, ಹುಷಾರಾಗಿದ್ದೀರಾ ತಾನೆ? ಆ ಪುಟ ಕಿತ್ತರೆ ಉಳಿಯೋದು ಬರೀ ರಟ್ಟು. ಕಾಲೇಜಿನ ಪಠ್ಯಕ್ಕೆ ಆ ಅಧ್ಯಾಯಾನೇ ತಗೋತಿದಾರೆ. ಪ್ರಶಸ್ತಿ ಪತ್ರದಲ್ಲಿ ಆ ಅಳುವಿನ ಬಗ್ಗೇನೇ ನಾಲ್ಕು ಸಾಲು ಇದೆ. ಊಟ ಮಾಡಿ ಮಲಗೋ ಹೆಂಗಸನ್ನ ಯಾರು ಪ್ರೀತಿಸ್ತಾರೆ ಹೇಳಿ?"

"ನಾನೂ ಹಂಗೇ ಅಂದ್ಕೊಂಡಿದ್ದೆ ಸರ್."

"ಮತ್ತೆ? ಇನ್ನೊಂದು ವಿಷಯ, ಸನ್ಮಾನಕ್ಕೆ ನಿಮ್ಮ ಅತ್ತೇನೂ ವೇದಿಕೆ ಮೇಲೆ ಕೂರ್ಬೇಕಂತೆ. ಅವ್ರಿಗೂ ಒಂದು ಶಾಲು ತರಿಸಿದಾರೆ."

ರಾಧಾಮಣಿ ಹತ್ತು ದಿನ ಯಾವುದೂ ತೀರ್ಮಾನಿಸಲಿಲ್ಲ. ಸುಳ್ಳೇಕೆ ಹೇಳಬೇಕು, ಅವಳಿಗೆ ಆ ಪಠ್ಯ ಬೇಕಿತ್ತು. ಆ ಶಾಲೂ ಬೇಕಿತ್ತು. ಹುಕ್ಕು ಹೊಲಿದೂ ಹೊಲಿದೂ ತೂತು ಬಿದ್ದ ಬೆರಳಿಗೆ ಯಾರಾದರೂ ಒಮ್ಮೆ ಮೈಕು ಕೊಡಲಿ ಎಂದು ಅವಳು ಹತ್ತೊಂಬತ್ತು ವರ್ಷ ಕಾದಿದ್ದಳು. ಆದರೆ ದಿನಾ ಮಧ್ಯಾಹ್ನ ಹಿತ್ತಲಲ್ಲಿ ಅತ್ತೆ ಬಗ್ಗಿ ಒಲೆ ಊದುವುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಮುದುಕಿ ಇಳಿದುಹೋಗಿದ್ದಳು. ಒಂದು ದಿನ ಹೊಗೆಗೆ ಕೆಮ್ಮು ಹತ್ತಿ ಗೋಡೆ ಹಿಡಿದು ನಿಂತದ್ದನ್ನು ನೋಡಿ ರಾಧಾಮಣಿ ಓಡಿದಳು. ದೊಡ್ಡಮುನಿಯಮ್ಮ ಅವಳು ತಂದ ನೀರು ಮುಟ್ಟಲಿಲ್ಲ.

"ಏನ್ ಮಾಡಿದ್ರೆ ಉಣ್ತೀರಾ ಹೇಳಿ," ಅಂದಳು ರಾಧಾಮಣಿ.

"ಬರ್ದಿದ್ ತಿದ್ದು. ಚನ್ನಿ ಮನೆಗೆ ನನ್ನ ಕರ್ಕೊಂಡೋಗು. ನನ್ ಬಾಯಾಗೇ ಏಳ್ಬೇಕು ಅವ್ಳಿಗೆ, ನಾನು ಅಳ್ನಿಲ್ಲ ಅಂತ."

ಅವತ್ತು ರಾಧಾಮಣಿ ಬ್ಲೌಸುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಆ ಪುಟ ಹೊಸದಾಗಿ ಬರೆದಳು. ಅತ್ತಿಗೆ ಅಗುಳಿ ಹಾಕುತ್ತಾಳೆ. ಒಲೆಯ ಮುಂದೆ ಕೂರುತ್ತಾಳೆ. ಒಂದು ಮುದ್ದೆ ಉಣ್ಣುತ್ತಾಳೆ, ಬಾಗಿಲು ಇನ್ನೂ ತಟ್ಟುತ್ತಿದೆ. ಇನ್ನೊಂದು ಮುದ್ದೆ ಉಣ್ಣುತ್ತಾಳೆ, ತಟ್ಟುವುದು ನಿಲ್ಲುತ್ತದೆ. ಕೈ ತೊಳೆದು ಮಲಗುತ್ತಾಳೆ. ಬರೆದು ಮುಗಿಸಿದಾಗ ರಾಧಾಮಣಿಗೆ ಮೈ ಜುಮ್ಮೆಂದಿತು. ತಾನು ಇಲ್ಲಿಯವರೆಗೆ ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿದೆ ಎಂದು ಅವಳಿಗೆ ಗೊತ್ತಾಯಿತು. ಅತ್ತೆಗೆ ಓದಿ ಹೇಳಿದಳು. ಪ್ರತಿ ವಾಕ್ಯಕ್ಕೂ ಹೂಂ ಬಂತು. ಅವತ್ತು ಸಂಜೆ ದೊಡ್ಡಮುನಿಯಮ್ಮ ಸೊಸೆ ಮಾಡಿದ ಬಸ್ಸಾರು ಉಂಡಳು.

ಕದಿರಪ್ಪನಿಗೆ ರಾಧಾಮಣಿ ಖಡಾಖಂಡಿತ ಹೇಳಿದಳು. ಆ ಪುಟ ಬದಲಾಗದಿದ್ದರೆ ಮೂರನೆಯ ಮುದ್ರಣ ಬೇಡ.

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋತಿದೀರಾ," ಅಂದ ಅವನು. "ಬುಧವಾರ ಪ್ರೆಸ್ಸಿಗೆ ಹೋಗುತ್ತೆ. ಅಷ್ಟರೊಳಗೆ ಹೊಸ ಪುಟ ಕಳಿಸಿ. ಬರ್ಲಿಲ್ಲ ಅಂದ್ರೆ ಹಳೇದೇ ಹೋಗುತ್ತೆ."

ಮಂಗಳವಾರ ಅತ್ತೆ ಸೊಸೆ ಆಟೋ ಮಾಡಿಕೊಂಡು ಹೆಸರಘಟ್ಟಕ್ಕೆ ಹೊರಟರು. ಹೊಸ ಪುಟ ರಾಧಾಮಣಿಯ ಬ್ಯಾಗಿನಲ್ಲಿತ್ತು. ಆ ರಾತ್ರಿಯಿಂದೀಚೆಗಿನ ಐವತ್ತು ವರ್ಷದಲ್ಲಿ ದೊಡ್ಡಮುನಿಯಮ್ಮ ನಾದಿನಿಯ ಮನೆಗೆ ಹೋದವಳಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ ಊಟ ಆಯ್ತಾ ಎಂದು ಕೇಳುವುದು, ಅಷ್ಟೇ. ದಾರಿಯುದ್ದಕ್ಕೂ ಮುದುಕಿ ಸೆರಗಿನ ತುದಿ ಹಿಡಿದು ತಿರುಚುತ್ತಿದ್ದಳು.

ಚನ್ನಕ್ಕನ ಮನೆ ಡೈರಿಯ ಹಿಂದೆ. ಅಲ್ಲೇ ಸಗಣಿ ಬಾಚುವ ಕೆಲಸಕ್ಕೆ ಸೇರಿ, ಆಮೇಲೆ ಎರಡು ಹಸು ಕಟ್ಟಿ, ಮಗನನ್ನು ಓದಿಸಿ ಮನೆ ಕಟ್ಟಿಸಿದ್ದಳು. ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದವಳು ಬಂದವರನ್ನು ನೋಡಿ ಎದ್ದಳು.

"ಅತ್ಗೆ! ಬಾ, ಒಳೀಕ್ ಬಾ," ಎಂದು ಕೈ ಹಿಡಿದು ಕರೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದಳು. ಬಿಸಿ ಹಾಲು ತಂದುಕೊಟ್ಟಳು. ಆಮೇಲೆ ಗೂಡಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಒಳಗೆ ರಾಧಾಮಣಿಯ ಕಾದಂಬರಿ ಇತ್ತು.

"ಮೊಮ್ಮಗ್ಳು ತಂದ್ಲು. ಮೂರು ಸಲ ಓದ್ಸಿ ಕೇಳ್ದೆ," ಅಂದಳು ಚನ್ನಕ್ಕ.

ದೊಡ್ಡಮುನಿಯಮ್ಮ ಹಾಲಿನ ಲೋಟ ಕೆಳಗಿಟ್ಟಳು. "ಅದ್ಕೇ ಬಂದೆ ಕಣೆ ಚನ್ನಿ. ಅದ್ರಾಗಿರೋದು ಸುಳ್ಳು. ಇವ್ಳು ಕಟ್ಟಿ ಬರ್ದಿದ್ದು. ನಾನು ಅವತ್ತು ಅಳ್ನಿಲ್ಲ. ಉಂಡು ಮನಿಕ್ಕಂಡೆ. ಒಟ್ಟೆ ಅಸ್ದಿತ್ತು, ನಿನ್ನ ಒಳೀಕ್ ಕರ್ಕಂಡ್ರೆ ಜೀವಮಾನ ಇಲ್ಲೇ ಉಳ್ಕಂತಾಳೆ ಅಂತ ಇತ್ತು. ಉಂಡೆ, ಮನಿಕ್ಕಂಡೆ. ನಿದ್ದೆನೂ ಬಂತು."

ಚನ್ನಕ್ಕ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಅಳಲಿಲ್ಲ, ಕೂಗಲಿಲ್ಲ.

"ಗೊತ್ತು," ಅಂದಳು.

"ಏನ್ ಗೊತ್ತು?"

"ಕದದ ಸಂದಿನಾಗೆ ನೋಡ್ತಾನೇ ನಿಂತಿದ್ದೆ ಅತ್ಗೆ. ಬುಡ್ಡಿ ದೀಪ ಇತ್ತು ನಿನ್ ಮುಂದೆ. ಒಂದು ಮುದ್ದೆ ಉಂಡೆ. ಇನ್ನೊಂದು ಮುರ್ಕಂಡೆ. ನನ್ ಮಗೀನ ಬಾಯಿ ಮುಚ್ಕಂಡು ನೋಡ್ತಿದ್ದೆ. ಆಮ್ಯಾಕೆ ತಟ್ಟಾದ್ ಬಿಟ್ಟೆ. ಐವತ್ತು ವರ್ಸ ಕಣ್ ಮುಚ್ಚಿದ್ರೆ ಆ ಮುದ್ದೆನೇ ಕಾಣೋದು ನಂಗೆ."

ಅವಳು ಕವರನ್ನು ಸವರಿದಳು.

"ಮೊಮ್ಮಗ್ಳು ಓದಿದಾಗ, ನಾನು ಹೊಂಟೋದ್ಮ್ಯಾಲೆ ಅತ್ತಿದ್ದೀಯೇನೋ ಅಂತ ಮನ್ಸಿನಾಗೆ ಇಟ್ಕಂಡೆ. ಹೊಂಟೋದ್ಮ್ಯಾಲೆ ನಾನ್ ನೋಡಿರ್ನಿಲ್ವಲ್ಲ. ಮೂರು ತಿಂಗ್ಳಾತು, ಕಣ್ ಮುಚ್ಚಿದ್ರೆ ಮುದ್ದೆ ಕಾಣಾದ್ ನಿಂತೈತೆ. ಅವತ್ತು ಕದ ತೆಗೀನಿಲ್ಲ ನೀನು. ಈಗ ಮನೆಗಂಟ ಬಂದು ಇದ್ನೂ ಕಿತ್ಕಂತಿದ್ದೀಯಲ್ಲ, ಅತ್ಗೆ!"

ಹೊರಗೆ ಹಸುವೊಂದು ಕೂಗಿತು. ದೊಡ್ಡಮುನಿಯಮ್ಮ ಮಂಚದ ಅಂಚು ಹಿಡಿದು ಎದ್ದಳು. ರಾಧಾಮಣಿ ಬ್ಯಾಗನ್ನು ಎದೆಗೊತ್ತಿಕೊಂಡು ಗೋಡೆಗೆ ಆನಿಕೊಂಡಳು. ಎಲ್ಲಾದರೂ ಓಡಿಹೋಗಬೇಕು ಅನ್ನಿಸಿತು ಅವಳಿಗೆ.

ವಾಪಸು ಬರುವಾಗ ಯಲಹಂಕದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಆಟೋ ನಿಂತಿತು.

"ಬದ್ಲಾಯಿಸ್ಬ್ಯಾಡ," ಅಂದಳು ದೊಡ್ಡಮುನಿಯಮ್ಮ.

"ಅಮ್ಮ, ಹೊಸ ಪುಟ ಕೇಳಿದ್ರಲ್ಲ. ನಾನು ಬರ್ದಿರೋದ್ರಲ್ಲೇ ನಿಜವಾದ್ದು ಅಂದ್ರೆ ಅದೊಂದೇ."

"ನಿಜ ಐತೆ, ಅದ್ಕೇ ಬ್ಯಾಡ. ಅದು ಅವ್ಳ ಕಿವಿಗೆ ಬೀಳಬಾರ್ದು."

"ನಿಮ್ಮ ಬಾಯಿಂದಾನೇ ಕೇಳಿಸ್ಕೊಂಡಾಯ್ತಲ್ಲ."

"ನಾನು ಅರಳುಮರುಳಾಗಿ ಏನೋ ಒದರ್ದೆ ಅಂತ ಅವ್ಳ ಮೊಮ್ಮಗ್ಳಿಗೆ ಏಳು. ಆ ಸನ್ಮಾನಕ್ಕೆ ಚನ್ನೀನೂ ಕರೆಸು. ನಾನೂ ಬತ್ತೀನಿ."

ಹೊಸ ಪುಟ ಬ್ಯಾಗಿನಲ್ಲೇ ಉಳಿಯಿತು. ಬುಧವಾರ ಕದಿರಪ್ಪ ಫೋನು ಮಾಡಿ, "ಹಳೇದೇ ಹೋಯ್ತು ಮೇಡಂ, ಒಳ್ಳೇ ಕೆಲಸ ಮಾಡಿದ್ರಿ," ಅಂದ. ರಾಧಾಮಣಿ ಹೂಂ ಅಂದು ಫೋನಿಟ್ಟಳು.

ಯಲಹಂಕದ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮೊಮ್ಮಗಳ ಪಕ್ಕ ಚನ್ನಕ್ಕ ಕೂತಿದ್ದಳು, ತಲೆಗೆ ಸೆರಗು ಹೊದ್ದು. ವೇದಿಕೆಯ ಮೇಲೆ ದೊಡ್ಡಮುನಿಯಮ್ಮನಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಕ ಉತ್ಸಾಹದ ಮನುಷ್ಯ. ಮೈಕನ್ನು ಮುದುಕಿಯ ಬಾಯಿಗೇ ಹಿಡಿದ.

"ಅಮ್ಮಾ, ನಾಡಿಗೆ ನಾಡೇ ಓದಿ ಕಣ್ಣೀರು ಹಾಕಿದ ಆ ರಾತ್ರಿಯ ಬಗ್ಗೆ ನಿಮ್ಮ ಬಾಯಿಂದಲೇ ಒಂದು ಮಾತು ಹೇಳಬೇಕು."

ಸುರೇಶ ಕುರ್ಚಿಯ ಅಂಚಿಗೆ ಬಂದ. ರಾಧಾಮಣಿ ಅತ್ತೆಯ ಕೈ ನೋಡಿದಳು. ಅದು ಶಾಲಿನ ತುದಿ ಹಿಡಿದು ತಿರುಚುತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಆ ಹೆಂಗಸು ಒಂದು ಸುಳ್ಳಾಡಿದ್ದನ್ನು ಅವಳು ಕೇಳಿರಲಿಲ್ಲ.

ದೊಡ್ಡಮುನಿಯಮ್ಮ ಮುಂದಿನ ಸಾಲಿನಲ್ಲಿ ಒಂದೇ ಮುಖ ನೋಡುತ್ತ ಹೇಳಿದಳು.

"ಅತ್ತಿದ್ದೆ ಕಣಪ್ಪ. ಅವ್ಳು ಹೊಂಟೋದ್ಮ್ಯಾಲೆ ಕೂಳು ಬಿಸಾಕಿ ಅತ್ತಿದ್ದೆ. ಬೆಳಗಾಗಾಗಂಟ ಅತ್ತಿದ್ದೆ."

ಚನ್ನಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಭೆ ಚಪ್ಪಾಳೆಯಿಂದ ಬಿರಿಯಿತು. ಇಬ್ಬರು ಹುಡುಗಿಯರು ವೇದಿಕೆ ಹತ್ತಿ ಬಂದು ದೊಡ್ಡಮುನಿಯಮ್ಮನ ಕಾಲಿಗೆ ಬಿದ್ದರು. ಅವಳು ಕಾಲು ಎಳೆದುಕೊಳ್ಳಲಿಲ್ಲ. ಹಲ್ಲು ಕಚ್ಚಿ ಕೂತಳು. ಏಟು ತಿನ್ನುವವರು ಹಾಗೆ ಕೂರುತ್ತಾರೆ.

ಆಮೇಲೆ ಲೇಖಕಿಯ ಸರದಿ. ಸಾಹಿತ್ಯದಲ್ಲಿ ಸತ್ಯ ಎಂಬ ವಿಷಯದ ಮೇಲೆ ರಾಧಾಮಣಿ ಮೂರು ಪುಟ ಬರೆದುಕೊಂಡು ಬಂದಿದ್ದಳು. ಮೈಕಿನ ಮುಂದೆ ನಿಂತು ಎಲ್ಲರಿಗೂ ನಮಸ್ಕಾರ ಅಂದಳು. ಮುಂದಕ್ಕೆ ಒಂದು ಪದವೂ ಓದಲಾಗಲಿಲ್ಲ. ಕಣ್ಣು ತುಂಬಿ ಬಂತು. ಅದು ಸಂತೋಷಕ್ಕೇ ಎಂದುಕೊಂಡು ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಹಿಂದಿನ ಸಾಲಿನಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು.

ಹತ್ತೊಂಬತ್ತು ವರ್ಷ ಅವಳು ಈ ಸದ್ದಿಗೇ ಕಾದಿದ್ದಳು. ಅದು ಬೇಗ ನಿಂತರೆ ಸಾಕೆಂದು ಬೇಡಿಕೊಳ್ಳುತ್ತ, ಅತ್ತೆಯ ಕಡೆ ನೋಡಲಾರದೆ, ನೆಲ ನೋಡುತ್ತ ನಿಂತಳು.